ಬಾಗಿಲಾಚೆಯ ಎಡೆ

ಪಿತೃಪಕ್ಷದಲ್ಲಿ ಆತಗೂರು ಕಡೆಯ ನಮ್ಮ ಮನೆಯಲ್ಲಿ, ತೀರಿಕೊಂಡ ಹಿರಿಯರಿಗೆಲ್ಲ ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿ ಎಡೆ ಇಡುತ್ತೇವೆ. ವಯಸ್ಸಿನಲ್ಲಿ ದೊಡ್ಡವರಿಗೆ ಮೊದಲ ಎಲೆ. ಒಂದು ಎಲೆ ಮಾತ್ರ ಹಿತ್ತಲ ಬಾಗಿಲಾಚೆ. ಅದರಲ್ಲಿ ಮುದ್ದೆ, ಬಾಡಿನ ಜೊತೆಗೆ ಸುಟ್ಟ ಕಾಡುಗೆಣಸು, ಜೇನುತುಪ್ಪ. ಅದು ಮಹಾರಾಜರ ಕಾಲದಲ್ಲಿ ಈ ಮನೆಗೆ ಬಂದ ನಮ್ಮ ತಾತನ ತಾಯಿಯದು. ಊರಿನ ಅರ್ಧ ಜನಕ್ಕೆ ಸೂಲಗಿತ್ತಿಯಾಗಿದ್ದವಳು. ಅಂಥವಳ ಎಲೆ ಯಾಕೆ ಆಚೆ ಎಂದು ಕೇಳಿದರೆ ಎಲ್ಲರೂ ಮಾತು ಮರೆಸುತ್ತಿದ್ದರು.

ಮಂಡ್ಯದಲ್ಲಿ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ಅವಳ ತವರು ಹುಡುಕಲು ಹೊರಟೆ. ಮನೆಗೆ ಹಿರಿಯರಾದ ದೊಡ್ಡಪ್ಪ, "ಮಳವಳ್ಳಿ ಕಡೆ ದೊಡ್ಡ ಗೌಡ್ರ ಮನೆ ಎಣ್ಣು ಕಣವ್ವ" ಎಂದರು. ಸರಿ, ಎರಡು ವರ್ಷ ಮಳವಳ್ಳಿ ಬಸ್ಸು ಹತ್ತಿದ್ದೇ ಹತ್ತಿದ್ದು, ಕಂಡ ಗೌಡರ ಮನೆಗಳಲ್ಲಿ ಕಾಫಿ ಕುಡಿದದ್ದೇ ಕುಡಿದದ್ದು. ಯಾರ ವಂಶದಲ್ಲೂ ಅವಳಿಲ್ಲ. ಗೌಡರ ಮನೆಯ ಮಗಳಿಗೆ ಕಾಡುಗೆಣಸಿನ ಎಡೆ ಯಾಕೆ ಎಂಬುದು ಆಮೇಲೆ ಹೊಳೆಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಕಾಡಂಚಿನಲ್ಲಿ, ಗೆಣಸು ಅಗೆದು ಜೇನು ಬಿಡಿಸಿ ಬದುಕುವ ಇರುಳಿಗರ ಹಟ್ಟಿಗೆ ಹೋದೆ. ಅಲ್ಲಿನ ಅಜ್ಜಿಯೊಬ್ಬರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನಮ್ಮಜ್ಜಿ ಅಕ್ಕ ಒಬ್ಳು ಸೂಲಗಿತ್ತಿ. ಆತಗೂರ್ ಕಡೆ ಎರಿಗೆ ಮಾಡ್ಸಕೆ ಓದೋಳು, ಅಲ್ಲೇ ಮದ್ವೆಯಾಗಿ ಉಳ್ಕಂಡ್ಲಂತೆ. ನಿಮ್ಮೋರು ಚೆನ್ನಾಗ್ ನೋಡ್ಕಂಡ್ರಾ ಅವ್ಳ್ನ?"

ಎಲೆ ಆಚೆ ಇಡುತ್ತೇವೆ ಎಂದು ಹೇಳುವುದಾದರೂ ಹೇಗೆ? ನಾಚಿಕೆಯಾಯಿತು.

ಊರಿಗೆ ಬಂದು ದೊಡ್ಡಪ್ಪನ ಮುಂದೆ ಎಲ್ಲ ಹೇಳಿದೆ. ಜಗುಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದವರು ತಣ್ಣಗೆ, "ನಂಗೊತ್ತು ಕಣವ್ವ. ಅವ್ಳ ಮಡ್ಲಲ್ಲೇ ಬೆಳ್ದೋನು ನಾನು" ಎಂದರು.

"ಗೊತ್ತಿದ್ದೂ ಎರಡು ವರ್ಷ ಅಲೆಸಿದ್ರಾ?" ರೇಗಿಬಿಟ್ಟೆ.

"ಊರೋರು ಏನಂದಾರು ಅಂತ..."

"ಈ ಸಲ ಅವಳ ಎಲೆ ಒಳಗಡೆ ಇಡದಿದ್ರೆ ನಾನು ಎಡೆಗೇ ಬರಲ್ಲ ದೊಡ್ಡಪ್ಪ."

ತಿರುಗಿ ನೋಡದೆ ಮಂಡ್ಯಕ್ಕೆ ಬಂದೆ. ಎಡೆಯ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿ, "ಗೆಣ್ಸು ನೀನೇ ತತ್ತಾ" ಎಂದು ಇಟ್ಟುಬಿಟ್ಟರು.

ಹೋಗಿ ನೋಡಿದರೆ ಹಿತ್ತಲ ಬಾಗಿಲು ಮುಚ್ಚಿತ್ತು. ನಡುಮನೆಯ ಸಾಲಿನ ತುದಿಯಲ್ಲಿ ಅವಳಿಗೆ ಜಾಗ ಸಿಕ್ಕಿದ್ದರೂ ನನಗೆ ಸಾಕಾಗಿತ್ತು. ದೊಡ್ಡಪ್ಪ ಅವಳ ಎಲೆಯನ್ನು ಎಲ್ಲಕ್ಕಿಂತ ಮೊದಲು ಹಾಸಿದ್ದರು. ಗೆಣಸು ಬಡಿಸಿ, ಜೇನು ಬಿಟ್ಟೆ.

ಊಟಕ್ಕೆ ಕರೆದಿದ್ದ ಪಕ್ಕದ ಮನೆಯವನು ಒಳಗೆ ಬಂದವನೇ ಎಲೆ ನೋಡಿ ನಿಂತ. "ಮೊದ್ಲೆಲೆ ಯಾರ್ದಣ್ಣ? ಗೆಣ್ಸಿಟ್ಟಿದ್ದೀರಿ?"

ದೊಡ್ಡಪ್ಪ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದರು:

"ನಮ್ಮಜ್ಜೀದು ಕಣ್ಲಾ. ಇರುಳಿಗರೋಳು. ನಿಮ್ಮಪ್ಪನ ಒಕ್ಕುಳಬಳ್ಳಿ ಕುಯ್ದೋಳು ಇವ್ಳೇಯ. ಅಡ್ಬೀಳು."