ಎದುರುಮನೆ ಮಾಮನ ಬೋಣಿ

ಇವತ್ತು ಬೆಳಿಗ್ಗೆ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು. ಫೋನಿನಲ್ಲಿ ದುಡ್ಡು ಕಳಿಸಲು ಹೋದರೆ ಮಾರುವವಳು, "ಬೋಣಿ ಅಮ್ಮಾ, ನೋಟೇ ಕೊಡಿ" ಎಂದಳು. ಕೊಟ್ಟೆ. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕಿದಳು. ಅಷ್ಟೇ ನೋಡಿ, ಎದುರುಮನೆ ಮಾಮ ನೆನಪಿಗೆ ಬಂದುಬಿಟ್ಟರು...

ಅರವತ್ತರ ದಶಕ. ನಾನು ಮದುವೆಯಾಗಿ ಜಯನಗರಕ್ಕೆ ಬಂದ ಹೊಸತು. ಮಾಮ ರೈಲು ಬೋಗಿ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿ. ಆದರೆ ಬಿಗುಮಾನ ಅನ್ನುವುದೇ ಇಲ್ಲ! ಪಂಚೆ ಎತ್ತಿ ಕಟ್ಟಿ ಗಿಡಕ್ಕೆ ನೀರು ಹಾಕುತ್ತಾ ಬೀದಿಯವರನ್ನೆಲ್ಲ ರೇಗಿಸುತ್ತಿದ್ದರು. ಆ ಚಳಿಗಾಲದಲ್ಲಿ ಮಾತ್ರ ಅವರಿಗೆ ಊಟವೇ ಸೇರುತ್ತಿರಲಿಲ್ಲ. ಕಡಲಾಚೆಯ ಒಂದು ದೇಶ ಬೋಗಿ ಕೊಳ್ಳಲು ಹೊರಟಿತ್ತು. ಪೈಪೋಟಿಗೆ ಬಿಳಿಯರ ಕಂಪನಿಗಳಿದ್ದವು. ಬೆಲೆಯಲ್ಲಿ ಒಂದು ಪಾಲನ್ನು ನಮ್ಮ ಸರ್ಕಾರ ಹೊತ್ತರೆ ಆರ್ಡರು ನಮಗೆ, ಇಲ್ಲದಿದ್ದರೆ ಹೊಸ ಶೆಡ್ಡಿಗೆ ಸೇರಿಸಿಕೊಂಡವರನ್ನೆಲ್ಲ ಮನೆಗೆ ಕಳಿಸಬೇಕು. ಅವರನ್ನು ಆರಿಸಿದ್ದು ಮಾಮನೇ.

ಆ ಪಾಲು ಕೊಡಬಾರದು ಎಂದು ಹಟ ಹಿಡಿದವರು ದೆಹಲಿಯ ಹಣಕಾಸು ಅಧಿಕಾರಿ. ನಮ್ಮ ಮೈಸೂರಿನವರೇ, ಮಾಮನ ಕಾಲೇಜು ಗೆಳೆಯರು. ಮೀಟಿಂಗಿಗೆಂದು ಬಂದು ಮಾಮನ ಮನೆಯಲ್ಲೇ ಇಳಿದಿದ್ದರು. ಹಗಲೆಲ್ಲ ಆಫೀಸಿನಲ್ಲಿ ಜಗಳ, ಮನೆಗೆ ಬಂದರೆ ಒಟ್ಟಿಗೆ ಕಾಫಿ.

ಭಾನುವಾರ ಬೆಳಿಗ್ಗೆ ಅವರೆಕಾಯಿಯವಳು ಬುಟ್ಟಿ ಇಳಿಸಿದಾಗ ಆ ದೆಹಲಿಯವರೇ ಚೌಕಾಸಿಗೆ ನಿಂತರು. ಅವಳು ಸಾಕಾಗಿ, "ಹೋಗ್ಲಿ ಬುದ್ಧಿ, ಬೋಣಿ ಮಾಡಿ" ಎಂದು ಅವರು ಕೇಳಿದ ಬೆಲೆಗೇ ಕೊಟ್ಟು, ಕಾಸನ್ನು ಕಣ್ಣಿಗೊತ್ತಿಕೊಂಡು ಹೋದಳು. ಅವರ ಮುಖದಲ್ಲಿ ಅದೇನು ಗೆಲುವು!

ಸಂಜೆ ಮಾಮಿ ನೆನೆಸಿದ ಕಾಳನ್ನು ಜಗಲಿಗೆ ತಂದಿಟ್ಟು ನಮ್ಮನ್ನೆಲ್ಲ ಹಿತಕಲು ಕೂರಿಸಿದರು. ಹಿತಕಿದ ಬೇಳೆ ಒಬ್ಬರ ಕೆಲಸವಲ್ಲ, ಅಧಿಕಾರಿಯಾದರೂ ಬಿಡುವಂತಿಲ್ಲ. ದೆಹಲಿಯವರು ಒತ್ತಿದ ಬೇಳೆ ಹಾರಿ ಅವರ ಕನ್ನಡಕಕ್ಕೇ ಬಡಿಯುತ್ತಿತ್ತು.

"ಪರದೇಶದೋರ ರೈಲಿಗೆ ನಮ್ಮ ಜನದ ದುಡ್ಡು ಯಾಕಯ್ಯ ಸುರೀಬೇಕು?" ಎಂದು ಅವರು ಮತ್ತೆ ಶುರು ಮಾಡಿದರು.

"ಬೆಳಿಗ್ಗೆ ಅವಳು ನಿಂಗೆ ಯಾಕಯ್ಯ ಕಮ್ಮಿಗೆ ಕೊಟ್ಲು?" ಎಂದರು ಮಾಮ.

"ಬೋಣಿ ಅಂತ."

"ಹೊರದೇಶದಲ್ಲಿ ನಮ್ಗಿನ್ನೂ ಬೋಣಿನೇ ಆಗಿಲ್ವಲ್ಲೋ ಮಹರಾಯ!"

"ದಿನಾ ಬೋಣಿ ಅಂತ ಕೂತ್ರೆ ಅಂಗಡಿ ಮುಚ್ಚಬೇಕಾಗುತ್ತೆ."

"ಒಂದೇ ಒಂದ್ಸಲ ಕಣೋ. ಎರಡನೇ ಸಲ ಕೇಳಿದ್ರೆ ನೀನೇ ನನ್ನ ಓಡ್ಸು."

ದೆಹಲಿಯವರು ಕನ್ನಡಕಕ್ಕೆ ಅಂಟಿದ ಬೇಳೆ ಒರೆಸಿಕೊಂಡು "ಒಂದೇ ಸಲ" ಎಂದರು. ಮಾಮ ಆ ರಾತ್ರಿ ಎರಡು ಸಲ ಹುಳಿ ಬಡಿಸಿಕೊಂಡರಂತೆ.

ಆರ್ಡರು ನಮಗೇ ಬಂತು. ಮೊದಲ ಬೋಗಿ ಹೊರಡುವ ದಿನ ಮಾಮ ಬೀದಿಯವರನ್ನೆಲ್ಲ ಕಾರ್ಖಾನೆಗೆ ಕರೆದುಕೊಂಡು ಹೋದರು. ಅದರ ಮೈಮೇಲೆ ನಮಗೆ ಓದಲು ಬಾರದ ಅಕ್ಷರ. ಕೆಲಸದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ, ಮಾಮ ಬೋಗಿಯ ಮೆಟ್ಟಿಲನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು, ಥೇಟ್ ಅವರೆಕಾಯಿಯವಳ ಹಾಗೆ. ನನಗಂತೂ ಅಳುವೇ ಬಂತು.

ಅದೇ ದೇಶ ಎರಡನೇ ಸಲ ಬೋಗಿ ಕೇಳಿದ್ದು ಕೆಲವು ವರ್ಷಗಳ ಮೇಲೆ. ಪೂರ್ತಿ ಬೆಲೆಗೆ, ಸರ್ಕಾರದ ಒಂದು ಕಾಸೂ ಇಲ್ಲದೆ. ಅದನ್ನು ಕೇಳಲು ಮಾಮ ಇರಲಿಲ್ಲ. ಎದೆನೋವೆಂದು ಮಲಗಿದವರು ಏಳಲೇ ಇಲ್ಲ... ಆರ್ಡರಿನ ಸುದ್ದಿ ಹೇಳಲು ದೆಹಲಿಯವರೇ ಬಂದರು. ಕೈಯಲ್ಲಿ ಅವರೆಕಾಯಿಯ ಚೀಲ. ಮಾಮಿಯ ಮುಂದಿಟ್ಟು, "ಅತ್ತಿಗೆ, ಇವತ್ತು ಚೌಕಾಸಿ ಮಾಡ್ಲಿಲ್ಲ" ಎಂದವರು ಜಗಲಿಯಲ್ಲೇ ಕೂತು ಕಾಯಿ ಸುಲಿಯತೊಡಗಿದರು.

ಈಗ ಆ ಮನೆಯ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ, ಮಾಮಿಯೂ ಹೋದರು. ಇವತ್ತು ತಂದ ಕಾಳು ನೆನೆಸಿಟ್ಟು ಜಗಲಿಗೆ ಬಂದೆ. ಅಭ್ಯಾಸಬಲ ನೋಡಿ, ಎದುರುಮನೆ ಕಡೆ ತಿರುಗಿ "ಮಾಮಾ, ಹಿತಕೋಕೆ ಬನ್ನಿ" ಎಂದು ಕೂಗಲು ಬಾಯಿ ತೆರೆದಿದ್ದೆ.