ಅವಳ ಅಂಗೈಯಲ್ಲಿ ಸ್ಕಾಲರ್‌ಶಿಪ್

“ನನ್ನ ಮಗಳ ಹೆಸರಿಗೆ ಬಂದ ರೊಕ್ಕ ಐತಿ. ಒಂದ್ಸಲ ಅಕಿ ಕೈಯಾಗ ಇಡ್ರಿ ಸಾಹೇಬ್ರ, ಆಮ್ಯಾಲೆ ನೀವ ಇಟ್ಕೋರಿ” ಎಂದು ಕುರುಗೋಡಿನ ತಾಯಿಯೊಬ್ಬರು ನನ್ನ ಮೇಜಿನ ಮುಂದೆ ಪಟ್ಟು ಹಿಡಿದು ನಿಂತರು. ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಗುಮಾಸ್ತ. ಸ್ಕಾಲರ್‌ಶಿಪ್ ಬಂದಾಗ, ಹಣ ಕೈಸೇರಿತು ಎಂದು ವಿದ್ಯಾರ್ಥಿಗಳಿಂದ ರಿಜಿಸ್ಟರಿನಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿಕೊಂಡು, ಅದನ್ನು ನೇರವಾಗಿ ಫೀಸಿಗೆ ಜಮಾ ಮಾಡುವುದು ನಮ್ಮ ರೂಢಿ. ಯಾರೂ ನೋಟನ್ನು ಕಣ್ಣಿಂದ ಕಂಡವರಲ್ಲ.

ಬೇಗ ಸಾಗಹಾಕೋಣವೆಂದು ನೋಟುಗಳನ್ನು ತಾಯಿಯ ಪಕ್ಕ ನಿಂತಿದ್ದ ಹುಡುಗಿಯ ಅಂಗೈಯಲ್ಲಿಟ್ಟೆ. ಮರುಗಳಿಗೆಯೇ ವಾಪಸು ಪಡೆಯಲು ಕೈ ಚಾಚಿದೆ. ಅವಳು ಕೊಡಲಿಲ್ಲ.

“ಆರು ತಿಂಗಳಾತು, ಇಲ್ಲಿ ಫಿಸಿಕ್ಸ್ ಕಲಿಸೋರಿಲ್ಲ. ಕಲಿಸೋ ಕಾಲೇಜಿಗೆ ಇದನ್ನ ಕಟ್ಟಬಹುದೇನ್ರಿ?”

“ಹಂಗ ಮಾಡಾಕ ಬರಂಗಿಲ್ಲವ್ವ” ಎಂದೆ.

“ಯಾಕ್ರಿ?” ಎಂದಳು.

ಚಾಚಿದ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದೆ. ತಾಯಿಯತ್ತ ಒಮ್ಮೆ ನೋಡಿ ಅವಳು ನೋಟು ಕೊಟ್ಟಳು, ಸಹಿ ಹಾಕಿ ಹೋದಳು.

ನಿವೃತ್ತನಾಗುವವರೆಗೂ ಆ ರಿಜಿಸ್ಟರು ನನ್ನ ಬಳಿಯೇ ಇತ್ತು. ಆದರೆ ಸಹಿ ಹಾಕಿಸುವಾಗ ಮಕ್ಕಳ ಮುಖ ನೋಡುವುದನ್ನು ಮಾತ್ರ ಅಂದೇ ಬಿಟ್ಟೆ.