ಕುಬೇರಪ್ಪನೂ ಮೂರು ಮಾರು ನೆಲವೂ

ಮೊರಬದ ಕುಬೇರಪ್ಪನು ಬಿತ್ತುವ ಕಡಲೆಯನ್ನೂ ಕಚ್ಚಿ ನೋಡದೆ ಕೊಂಡವನಲ್ಲ. ದೀಕ್ಷೆಯಾದಂದಿನಿಂದ ಲಿಂಗಪೂಜೆಗೆ ಮುನ್ನ ಹನಿ ನೀರು ಮುಟ್ಟಿದವನಲ್ಲ; ಗುರುತಿಲ್ಲದವರ ಮಾತನ್ನು ಒಮ್ಮೆಗೇ ನಂಬಿದವನೂ ಅಲ್ಲ. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಮೊದಲು, ವಿಚಾರಣೆ ಆಮೇಲೆ.

ಈ ಸಲ ಬೆಣ್ಣಿಹಳ್ಳ ಉಕ್ಕಿ ಅವನ ಹೊಲದ ದಂಡೆ ಕುಸಿದಾಗ, ಮಣ್ಣಿನೊಳಗಿಂದ ಮೊಳದುದ್ದದ ದವಡೆಯೊಂದು ಹೊರಬಿದ್ದಿತು. ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಬಂದವರು ಫಾದರ್ ಇನ್ನಾಸಪ್ಪ: ಯೇಸುಸಭೆಯ ಪಾದ್ರಿಗಳು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಕುಂಚ, ಜರಡಿ, ಸಣ್ಣ ಸಲಿಕೆ ಹಿಡಿದು ಮೂರು ದಿನ ದಂಡೆ ಕೆದಕಿದರು. ಊರವರು ನಿಧಿಗೆಂದರು. ಕುಬೇರಪ್ಪನ ಆತಂಕ ಅದಕ್ಕಿಂತ ದೊಡ್ಡದು. ದವಡೆ ಸಿಕ್ಕ ತಾಣಕ್ಕೆ ಮೂರೇ ಮಾರು ದೂರದಲ್ಲಿ ಅವನ ತಾಯಿ ರೇವವ್ವನ ಸಮಾಧಿ. ಎರಡು ವರುಷದ ಹಿಂದೆ, ಅಂಗೈಯಲ್ಲಿ ಲಿಂಗವಿರಿಸಿ, ಕುಳಿತ ಭಂಗಿಯಲ್ಲಿಯೇ ಆಕೆಯನ್ನು ತಾನೇ ಮಣ್ಣಿಗಿಳಿಸಿದ್ದನು.

ನಾಲ್ಕನೆಯ ದಿನ ಫಾದರ್ ಆ ಸಮಾಧಿಯ ಕಡೆಗೇ ಇನ್ನೊಂದು ಮಾರು ಅಗೆಯಲು ಅಪ್ಪಣೆ ಕೇಳಿದರು.

"ದವಡಿ ಯಾವುದರದ್ರಿ?" ಎಂದನು ಕುಬೇರಪ್ಪ.

"ಹಳೇ ಕಾಲದ ಕಾಡೆತ್ತಿಂದು. ಹತ್ತಿಪ್ಪತ್ತು ಸಾವಿರ ವರ್ಷ ಆಗಿರಬೇಕ್ರಿ."

"ದೇವರ ಕೆಲಸದವರಿಗೆ ಎತ್ತಿನ ದವಡಿ ಯಾಕ ಬೇಕ್ರಿ? ಚರ್ಚಿಗೆ ಬುನಾದಿ ನೋಡಾಕತ್ತೀರೇನು?"

ಫಾದರ್ ನಕ್ಕರು. "ಎರಿ ಮಣ್ಣಾಗ ಬುನಾದಿ ಎಲ್ಲಿ ನಿಲ್ಲತೈತ್ರಿ, ಕುಬೇರಪ್ಪನವರ?"

ಬಳಿಕ ತಾವು ನಂಬಿದ್ದನ್ನು ಬಿಡಿಸಿ ಹೇಳಿದರು. ಜಡವೆಂಬುದಕ್ಕೂ ಒಂದು ಅಂತರಂಗವಿದೆ. ಕಲ್ಲಿನಲ್ಲಿ ಕಾಣದಷ್ಟಿರುವ ಅರಿವು ಒಡಲಿನ ರಚನೆ ಜಟಿಲವಾದಂತೆಲ್ಲ ಬೆಳೆದು ಮನುಷ್ಯನವರೆಗೆ ಬಂದಿದೆ. ದೇವರು ಮುಂದೆ ನಿಂತು ಸಕಲವನ್ನೂ ತನ್ನೆಡೆಗೆ ಸೆಳೆಯುತ್ತಿದ್ದಾನೆ; ಸೃಷ್ಟಿಯಿನ್ನೂ ಮುಗಿದಿಲ್ಲ.

ಕುಬೇರಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಕಲ್ಲಿಗೂ ಅಂತರಂಗವಿದೆಯೆಂಬುದು ತನ್ನ ಮನೆಯ ಮಾತು. ಅದನ್ನು ಇವರೇಕೆ ಹೊತ್ತು ತಂದರು? ಹಕ್ಕಿಗೆ ಒಪ್ಪುವ ಕಾಳನ್ನೇ ಆರಿಸಿ ಬಲೆಗೆ ಚೆಲ್ಲುತ್ತಿರುವರೇ?

"ಎಲ್ಲಾ ಇನ್ನೂ ನಡದಾವ ಅಂದ್ರಿ," ಎಂದನು. "ನಮ್ಮವ್ವ ಹೋದ ದಿನಾನ ಲಿಂಗದಾಗ ಕೂಡ್ಯಾಳ. ನಿಮ್ಮ ಲೆಕ್ಕಕ್ಕ ಆಕಿ ಈಗ ಎಲ್ಲಿದ್ದಾಳ್ರಿ? ಅರ್ಧ ಹಾದ್ಯಾಗೇನು?"

ಫಾದರ್ ಕುಂಚವನ್ನು ಕೆಳಗಿಟ್ಟರು.

"ನನಗ ಗೊತ್ತಿಲ್ರಿ. ನಮ್ಮವ್ವ ಎಲ್ಲಿದ್ದಾಳ ಅನ್ನೂದೂ ಗೊತ್ತಿಲ್ಲ. ಕಳದಿಲ್ಲ ಅಂತ ನಂಬೀನಿ, ಅಷ್ಟ."

ಮತ ಮಾರಲು ಬಂದವರಾಗಿದ್ದರೆ ಉತ್ತರ ಸಿದ್ಧವಿರುತ್ತಿತ್ತು ಎಂದುಕೊಂಡನು ಕುಬೇರಪ್ಪ. ಅಥವಾ ಇದೇ ಹೆಚ್ಚಿನ ಜಾಣತನವಿದ್ದೀತು.

"ಈ ಕಡೆ ಒಂದು ಹಿಡಿ ಮಣ್ಣೂ ಏಳಬಾರದ್ರಿ. ಬೇಕಾದ್ರ ಕೆಳಗಿನ ದಂಡಿ ಅಗೀರಿ."

ಹೀಗೆಂದು ಹೆಗಲ ವಲ್ಲಿಯನ್ನು ಅಗೆದ ಗುಂಡಿಗೂ ಸಮಾಧಿಗೂ ನಡುವೆ ಹಾಸಿ, ತಾಯಿಗೆ ಬೆನ್ನು ಮಾಡಿ, ಫಾದರರಿಗೆ ಮುಖ ಮಾಡಿ ಕುಳಿತನು. ಹೊತ್ತಿಳಿಯುವ ಸಮಯಕ್ಕೆ, ಕೆಳಗಿನ ದಂಡೆ ಅಗೆಯುತ್ತಿದ್ದ ಫಾದರರ ಜರಡಿಯಲ್ಲಿ ಕರಿಯ ಹಲ್ಲೊಂದು ಉಳಿಯಿತು. ಕುಬೇರಪ್ಪನು ಕತ್ತು ಚಾಚಿ ನೋಡಿದನು. ಕುಳಿತಲ್ಲಿಂದ ಮಾತ್ರ ಏಳಲಿಲ್ಲ.